ಹದಿನಾಲ್ಕನೇ ನಂಬರಿನ ಸ್ಪ್ಯಾನರ್

ಎಣಿಸಿಕೋ ರಲಿತ್ಸಾ, ಎಣಿಸದೆ ಸಹಿ ಹಾಕಬೇಡ.
ಒಟ್ಟು ನೂರಾ ಹನ್ನೆರಡು.
ಕರಿ ಸ್ಪಂಜಿನಲ್ಲಿ ಒಂದೊಂದಕ್ಕೂ ಕೊರೆದಿಟ್ಟ ಗೂಡು,
ಇಕ್ಕಳದ ಗೂಡಿನಲ್ಲಿ ಇಕ್ಕಳವೇ ಕೂರಬೇಕು.
ಒಂದು ಗೂಡು ಖಾಲಿ ಕಂಡಿತೋ,
ಅಂದು ಯಾವ ವಿಮಾನವೂ ಏಳುವ ಹಾಗಿಲ್ಲ.

ತೊಂಬತ್ತೆಂಟರ ಚಳಿಗಾಲದಲ್ಲಿ ಕಾಣೆಯಾಗಿತ್ತು
ಹದಿನಾಲ್ಕನೇ ನಂಬರು.
ಆರು ವಿಮಾನ ನೆಲಕ್ಕೆ ಕಟ್ಟಿಹಾಕಿ
ರಾತ್ರಿಯಿಡೀ ಹುಡುಕಿದೆವು, ಟಾರ್ಚು ಹಲ್ಲಲ್ಲಿ ಕಚ್ಚಿ,
ಗಾಳಿ ನುಂಗುವ ಬಾಯೊಳಗೆ ಹೊಟ್ಟೆಯ ಮೇಲೆ ತೆವಳಿ.
ಬೆಳಗಿನ ಜಾವ ಸಿಕ್ಕಿತು,
ನನ್ನದೇ ಕೋಟಿನ ಹರಿದ ಜೇಬು ದಾಟಿ
ಅಸ್ತರಿನೊಳಗೆ.
ಕ್ಯಾಪ್ಟನ್ನು ಬೈಯಲಿಲ್ಲ. ಮನೆಯಿಂದ ಸೂಜಿದಾರ ತಂದುಕೊಟ್ಟ.

ಈಗ ಪೆಟ್ಟಿಗೆ ತುಂಬಿದೆ.
ತುಂಬಿರಲೇಬೇಕು, ತೆಗೆದವರಾರು?

ನೆಲದ ಮೇಲೆ ಆ ಹಳದಿ ಗೆರೆ ಇದೆಯಲ್ಲ,
ಮೂಗು ಇಲ್ಲಿ, ರೆಕ್ಕೆ ಅಲ್ಲಿ, ಗಾಲಿ ಮೂರು ಕಡೆ,
ಅದೂ ಒಂದು ಗೂಡೇ.
ಖಾಲಿಯಾಗಿ ನಾಲ್ಕು ವರ್ಷ.
ಸ್ಪ್ಯಾನರು ಕಳೆದರೆ ಏನು ಮಾಡಬೇಕೆಂದು
ಹನ್ನೊಂದು ಪುಟ ನಿಯಮವಿದೆ.
ವಿಮಾನ ಕಳೆದರೆ, ಒಂದು ಸಾಲೂ ಇಲ್ಲ.

ಕಳೆದಿಲ್ಲ, ತಡವಾಗಿದೆ, ಅನ್ನುತ್ತಾರೆ ಸೋಫಿಯಾದವರು.
ಮೊದಲು ಚುನಾವಣೆ, ಆಮೇಲೆ ಇನ್ನೊಂದು ಚುನಾವಣೆ,
ಆಮೇಲೆ ಬೆಲೆ, ಆಮೇಲೆ ಸಮುದ್ರದಾಚೆಯ ಕಾರ್ಖಾನೆಯಲ್ಲಿ
ಉಗುರಿನಷ್ಟು ಒಂದು ಚಿಪ್ ಸಿಗಲಿಲ್ಲವಂತೆ,
ಅದಿಲ್ಲದೆ ಹದಿನೈದು ಮೀಟರಿನ ಹಕ್ಕಿ
ಮೊಟ್ಟೆಯೊಡೆದು ಬರುವುದಿಲ್ಲವಂತೆ.
ಪ್ರತಿ ಪತ್ರದಲ್ಲೂ ಮುಂದಿನ ವಸಂತ.
ಬಾಗಿಲ ಮೇಲೆ ನಾಳೆ ಬಾ ಎಂದು ಬರೆದು
ದೆವ್ವವನ್ನು ಸಾಗಹಾಕುವ ಹಾಗೆ ಸಾಗಹಾಕಿದರು.
ನಾವೂ ದೆವ್ವದ ಹಾಗೇ
ಓದಿ, ನಂಬಿ, ದಿನಾ ಬಂದೆವು.

ಹೊರಗೆ ಹುಲ್ಲಲ್ಲಿ ನಿಂತ ಇಪ್ಪತ್ತೇಳನ್ನು ನೀನು ನೋಡಿದ್ದು
ಬರೀ ಎಲುಬು.
ಅದರ ಪಂಪು ಮೂವತ್ತೊಂದಕ್ಕೆ ಕೊಟ್ಟೆ,
ಮೂವತ್ತೊಂದರ ಜನರೇಟರು ಹತ್ತೊಂಬತ್ತಕ್ಕೆ.
ಕಡೆಗೆ ಹಾರುತ್ತಿದ್ದ ಒಂದಕ್ಕೆ
ಯಾವ ನಂಬರು ಬರೆಯಬೇಕೆಂದು ತಿಳಿಯದೆ
ಬಣ್ಣದವನು ಕುಂಚ ಹಿಡಿದು ನಿಂತಿದ್ದ.

ಕ್ರಾಸಿಮಿರನಿಗೆ ವರ್ಷಕ್ಕೆ ಮೂವತ್ತೆಂಟು ಗಂಟೆ ಆಕಾಶ.
ಉಳಿದ ಹೊತ್ತು ಕ್ಯಾಂಟೀನಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ
ಉಪ್ಪಿನ ಡಬ್ಬಿ ಎಡಕ್ಕೆ ಬಲಕ್ಕೆ ವಾಲಿಸುತ್ತ ಹಾರುತ್ತಿದ್ದ.
ಈಗ ರಾತ್ರಿ ಪಾರ್ಸೆಲ್ ಹೊತ್ತು ಲೈಪ್‌ಜಿಗ್‌ಗೆ ಹೋಗುತ್ತಾನೆ.
ಫೋನು ಮಾಡಿದ್ದ:
ಸ್ಟೊಯ್ಮೆನ್ ಮಾಮ, ಇಲ್ಲಿ ಬಿಡಿಭಾಗ ಕೇಳಿದರೆ ಮರುದಿನವೇ ಬರುತ್ತದೆ.
ಹೇಳುತ್ತ ಹೇಳುತ್ತ ದನಿ ಯಾಕೋ ಸಣ್ಣಗಾಯಿತು.

ಮೊನ್ನೆ ಸೈರನ್ನು ಕೂಗಿತು.
ಕಪ್ಪು ಸಮುದ್ರದ ಕಡೆಯಿಂದ ಹೆಸರು ಹೇಳದ ಒಂದು ಚುಕ್ಕೆ.
ಕಾಲು ತಾನಾಗಿ ಓಡಿತು, ಹಳದಿ ಗೆರೆಯವರೆಗೆ.
ತಲೆಯ ಮೇಲೆ ಎರಡು ಹಾದುಹೋದವು, ನೆರೆಯ ದೇಶದವು.
ಸದ್ದಿನಲ್ಲೇ ಗೊತ್ತಾಯಿತು, ನಮ್ಮ ಮಗುವಿನ ಅಳುವಲ್ಲ.
ಬಂದದ್ದು ಉಪಕಾರ ಅನ್ನಬೇಕು. ಅಂದೆ ಕೂಡ.
ಅನ್ನುವಾಗ ಕೈ ಎಲ್ಲಿಡಲಿ ಎಂದು ತಿಳಿಯಲಿಲ್ಲ.

ಕೊಕ್ಕರೆಗಳು ಮಾತ್ರ ತಾರೀಕು ತಪ್ಪಿಸಿಲ್ಲ.
ಮಾರ್ಚಿ ಒಂದಕ್ಕೆ ಗಿಂಕಾ ನನ್ನ ಮುಂಗೈಗೆ
ಕೆಂಪು ಬಿಳಿ ದಾರ ಕಟ್ಟುತ್ತಾಳೆ,
ಮೊದಲ ಕೊಕ್ಕರೆ ಕಂಡ ದಿನ ಬಿಚ್ಚಿ
ಹೂಬಿಟ್ಟ ಮರಕ್ಕೆ ಕಟ್ಟಬೇಕು.
ನಾನು ಇಪ್ಪತ್ತೇಳರ ಮೂಗಿನ ಗಾಲಿಗೆ ಕಟ್ಟಿದ್ದೇನೆ,
ನಾಲ್ಕು ದಾರ.
ಆಡಿಟ್ಟಿನವರು ಕೇಳಿದರೆ ವೈರು ಅನ್ನು.

ಹೊಸದು ಬಂದೀತು.
ಅದರ ಪುಸ್ತಕ ಇಂಗ್ಲಿಷಿನಲ್ಲಿ, ಅದರ ನಟ್ಟು ಇಂಚಿನಲ್ಲಿ.
ಹದಿನಾಲ್ಕು ಅದರ ಮೇಲೆ ಏರುವುದಿಲ್ಲ,
ಕೂದಲೆಳೆಯಷ್ಟು ಸಾಲದು.

ಏನಂದೆ, ನೂರಾ ಹನ್ನೊಂದೆ?
ಇನ್ನೊಮ್ಮೆ ಎಣಿಸು.
ಅವಸರವಿಲ್ಲ, ಹಾರಬೇಕಾದದ್ದು ಯಾವುದೂ ಕಾದು ನಿಂತಿಲ್ಲ.
ಕೋಟಿನ ಜೇಬು ಯಾಕೆ ನೋಡುತ್ತೀಯ?
ಅದನ್ನು ಹೊಲಿದು ಎಷ್ಟೋ ವರ್ಷವಾಯಿತು.